ಕಾಲ ಕೆಳಗಿನ ಕಾವು ಅಳೆಯುವವರು ಬೇಕಾಗಿದ್ದಾರೆ

ಗುಡೂರಿನ ತಮ್ಮಂದಿರೇ, ತಂಗಿಯರೇ, ನಿಮ್ಮೂರಿನಿಂದ ರಾತ್ರಿ ಬಸ್ ಹತ್ತಿ ಕೂತರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಹೆಚ್ಚುಕಡಿಮೆ ಅಷ್ಟೇ ದೂರ ನೆಟ್ಟಗೆ ನೆಲದೊಳಕ್ಕೆ ಇಳಿದರೆ ತೊಗಟೆಯ ಕೆಳಗಿನ ಕಲ್ಲಿನ ಪದರವಾದ ಮ್ಯಾಂಟಲಿನೊಳಗಿನ ಒಂದು ಗಡಿ ಸಿಗುತ್ತದೆ, 410 ಕಿ.ಮೀ. ಆಳದ್ದು. ಆ ದಾರಿಯಲ್ಲಿ ಮನುಷ್ಯ ಇದುವರೆಗೆ ಹೋಗಿರುವುದು ಬರೀ 12 ಕಿ.ಮೀ. ಚಿಲ್ಲರೆ. ರಷ್ಯದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದು 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು, 180 ಡಿಗ್ರಿಯಷ್ಟು ಕಾವು ಎದುರಾಯಿತು, ಮುಂದೆ ಹೋಗಲಾಗಲಿಲ್ಲ. ಉಳಿದ ದಾರಿಯನ್ನೆಲ್ಲ ನಾವು ಲೆಕ್ಕದಿಂದಲೇ ನಡೆಯಬೇಕು. ಅಲ್ಲಿ ಎಷ್ಟು ಕಾವಿದೆ, ಕಲ್ಲಿನೊಳಗೆ ಎಷ್ಟು ನೀರಿದೆ ಎಂಬ ಎರಡು ಪ್ರಶ್ನೆಗಳಿಗೆ ಖಚಿತ ಉತ್ತರ ಇನ್ನೂ ಸಿಕ್ಕಿಲ್ಲ. ಆ ಉತ್ತರ ಹುಡುಕುವ ಕೆಲಸಕ್ಕೆ ನಿಮ್ಮನ್ನು ಕರೆಯಲು ಇದನ್ನು ಬರೆಯುತ್ತಿದ್ದೇನೆ.

ನೀವು ನಿಂತ ಜಾಗವನ್ನು ಮೊದಲು ನೋಡಿಕೊಳ್ಳಿ. ಪಶ್ಚಿಮಕ್ಕೆ ಹೋದರೆ ಪಟ್ಟದಕಲ್ಲು, ಬಾದಾಮಿ: ಚಾಲುಕ್ಯರ ಶಿಲ್ಪಿಗಳು ಗುಡಿ ಕಡೆದ ಮರಳುಗಲ್ಲು. ಪೂರ್ವಕ್ಕೆ ಇಳಕಲ್: ದೇಶವಿದೇಶಕ್ಕೆ ಹೋಗುವ ಕೆಂಪು ಗ್ರಾನೈಟ್. ಹುನಗುಂದದ ಕಡೆ ಅದಕ್ಕೂ ಹಳೆಯ ಹಸಿರು ಛಾಯೆಯ ಪದರಗಲ್ಲು. ಉತ್ತರಕ್ಕೆ ಕೃಷ್ಣೆ ದಾಟಿ ವಿಜಯಪುರದತ್ತ ಹೋದರೆ 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು, ಅದರ ಮೇಲೆ ಎರೆ ಭೂಮಿ. ಒಂದೇ ದಿನ ಮೋಟರ್‌ಸೈಕಲ್ ಮೇಲೆ ಸುತ್ತಿ ಬಂದರೆ 250 ಕೋಟಿ ವರ್ಷಗಳ ಚರಿತ್ರೆ ಕಣ್ಣಿಗೆ ಬೀಳುವ ಸೀಮೆ ಇದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ ಈ ಭಾಗವನ್ನೆಲ್ಲ ಅಲೆದು, ಇಲ್ಲಿನ ಕಲ್ಲುಗಳ ಬಗ್ಗೆ 1876ರಲ್ಲಿ ಇಡೀ ಒಂದು ಸಂಪುಟ ಬರೆದ. ಕಲಾದಗಿ, ಧಾರವಾಡ ಎಂಬ ನಮ್ಮ ಊರುಗಳ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿದ್ದು ಅವನಿಂದ. ಅವನು ಬಂದದ್ದು ಹೊರಗಿನಿಂದ. ಈ ನೆಲದ ಮೇಲೇ ಹುಟ್ಟಿದ ನೀವು ಎಲ್ಲಿದ್ದೀರಿ?

ಇಳಕಲ್ಲಿನ ಗ್ರಾನೈಟ್ ತುಂಡೊಂದನ್ನು ಕೈಯಲ್ಲಿ ಹಿಡಿಯಿರಿ. ಅದಕ್ಕೆ ಆ ಕೆಂಬಣ್ಣ ಕೊಡುವುದು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್ ಎಂಬ ಖನಿಜ. ಆ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣ ಸೂಸುತ್ತ ಕ್ಷಯಿಸುತ್ತಿರುತ್ತದೆ. ಕಲ್ಲಿನಲ್ಲಿ ಕಣಕಣ ಬೆರೆತ ಯುರೇನಿಯಂ, ಥೋರಿಯಂ ಕೂಡ ಹಾಗೆಯೇ. ಕ್ಷಯಿಸುವಾಗ ಕಾವು ಹುಟ್ಟುತ್ತದೆ. ನೆಲದಿಂದ ಮೇಲೆ ಬರುವ ಕಾವಿನಲ್ಲಿ ಒಂದು ದೊಡ್ಡ ಭಾಗ ಹೀಗೆ ಮೇಲಿನ ಕಲ್ಲುಗಳಲ್ಲೇ ಹುಟ್ಟಿದ್ದು. ಉಳಿದದ್ದು ಮಾತ್ರ ಮ್ಯಾಂಟಲಿನಿಂದ ಏರಿ ಬಂದದ್ದು. ಇವೆರಡನ್ನೂ ಬೇರೆ ಮಾಡದೆ ಆಳದ ತಾಪಮಾನ ಹೇಳಲು ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಎಲ್ಲರೂ ಎನ್‌ಜಿಆರ್‌ಐ ಅನ್ನುವ ಸಂಸ್ಥೆ, 1961ರಲ್ಲಿ ಹುಟ್ಟಿತು. ಅಲ್ಲಿನವರು ಕೊಳವೆಬಾವಿಗಳಿಗೆ ತಾಪಮಾಪಕ ಇಳಿಸಿ ದಕ್ಷಿಣ ಭಾರತದ ನೆಲದ ಕಾವು ಅಳೆದರು. ನಮ್ಮ ಭಾಗದ ಹಳೆಗಲ್ಲಿನಲ್ಲಿ ಕಂಡದ್ದು ಚದರ ಮೀಟರಿಗೆ 25ರಿಂದ 50 ಮಿಲಿವಾಟ್. ನಡುವಿನ 36 ಹಿಡಿಯಿರಿ: ಒಂದು ಎಕರೆ ಹೊಲದಿಂದ ಹಗಲೂ ರಾತ್ರಿ ಮೇಲೆ ಬರುವ ಕಾವು 145 ವಾಟ್, ಎರಡು ಫ್ಯಾನ್ ತಿರುಗುವಷ್ಟು. ಜಗತ್ತಿನ ಭೂಖಂಡಗಳ ಸರಾಸರಿಗೆ ಹೋಲಿಸಿದರೆ ಇದು ಸುಮಾರು ಅರ್ಧ. ನಮ್ಮದು ತಣ್ಣನೆಯ, ಹಳೆಯ, ಗಟ್ಟಿ ನೆಲ.

ಗ್ರಾನೈಟಿನಲ್ಲಿ ಈ ಲೆಕ್ಕಕ್ಕೆ ಒಂದು ಕಿ.ಮೀ. ಇಳಿದರೆ ಸುಮಾರು 12 ಡಿಗ್ರಿ ಏರಬೇಕು. ಏರುತ್ತದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೆ ಸಾವಿರಾರು ಕಾರ್ಮಿಕರು ಮೈಮೇಲೆ ಅನುಭವಿಸಿದ್ದಾರೆ. ಅಲ್ಲಿ 3.2 ಕಿ.ಮೀ. ಆಳದವರೆಗೆ ಇಳಿದಿದ್ದರು, ತಳದ ಬಂಡೆ 60 ಡಿಗ್ರಿಗೂ ಮೇಲೆ ಕಾದಿರುತ್ತಿತ್ತು. ನೆಲದ ಮೇಲ್ಮೈಯ 28 ಡಿಗ್ರಿಗೆ 12ರಂತೆ ಮೂರು ಕಿ.ಮೀ. ಚಿಲ್ಲರೆ ಕೂಡಿಸಿ ನೋಡಿ, ಲೆಕ್ಕ ಕೂಡುತ್ತದೆ. ಆದರೆ ಇದೇ ಗೆರೆಯನ್ನು ಹಾಗೇ ಕೆಳಗೆ ಎಳೆದುಕೊಂಡು ಹೋಗುವಂತಿಲ್ಲ. ಕಾವು ಹುಟ್ಟಿಸುವ ಧಾತುಗಳು ಆಳಕ್ಕೆ ಹೋದಂತೆ ಕಡಿಮೆಯಾಗುತ್ತವೆ, ಗೆರೆ ಬಾಗುತ್ತದೆ. ಎಲ್ಲಿ ಬಾಗುತ್ತದೆ, ಎಷ್ಟು ಬಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕು.

ಆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಗುಡೂರಿನಿಂದ ಆಗ್ನೇಯಕ್ಕೆ ಇನ್ನೂರು ಕಿ.ಮೀ. ಒಳಗೆ, ಆಂಧ್ರದ ಅನಂತಪುರ ಸೀಮೆಯಲ್ಲಿ ವಜ್ರಕರೂರು. ಮೊದಲ ಮಳೆ ಬಿದ್ದ ಮೇಲೆ ಜನ ಹೊಲದಲ್ಲಿ ತಲೆ ತಗ್ಗಿಸಿ ವಜ್ರ ಹುಡುಕುವ ಊರು ಅದು. ಸುಮಾರು 110 ಕೋಟಿ ವರ್ಷದ ಹಿಂದೆ 150 ಕಿ.ಮೀ.ಗೂ ಆಳದಿಂದ ಕಿಂಬರ್ಲೈಟ್ ಎಂಬ ಕಲ್ಲಿನ ರಸ ಅಲ್ಲಿ ನುಗ್ಗಿ ಬಂತು. ಇಂಥ ಕಿಂಬರ್ಲೈಟ್ ನಮ್ಮ ರಾಯಚೂರು ಭಾಗದಲ್ಲೂ ಸಿಕ್ಕಿದೆ. ಬರುವಾಗ ಅದು ದಾರಿಯ ಮ್ಯಾಂಟಲ್ ಕಲ್ಲುಗಳನ್ನು ಕಿತ್ತು ತಂದಿತು. ವಜ್ರ ಸಿಕ್ಕವರು ಹಿಗ್ಗುತ್ತಾರೆ. ನನ್ನ ಕಣ್ಣಿಗೆ ಆ ಕಿತ್ತು ತಂದ ಕಲ್ಲುಗಳೇ ಹೆಚ್ಚು ಬೆಲೆಯವು. ಅವುಗಳಲ್ಲಿ ಕೆಂಪು ಗಾರ್ನೆಟ್, ಹಸಿರು ಆಲಿವಿನ್, ಎರಡು ಬಗೆಯ ಪೈರಾಕ್ಸಿನ್ ಅಂಟಿಕೊಂಡು ಕೂತಿರುತ್ತವೆ. ಒಟ್ಟಿಗಿದ್ದ ಖನಿಜಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಆ ಹಂಚಿಕೆ ತಾಪಮಾನಕ್ಕೆ ಒಂದು ಥರ, ಒತ್ತಡಕ್ಕೆ ಇನ್ನೊಂದು ಥರ ಬದಲಾಗುತ್ತದೆ. ರಸ ಮೇಲೆ ಬಂದದ್ದು ಬಹಳ ಬೇಗ, ಮರುಹಂಚಿಕೆಗೆ ಸಮಯವೇ ಸಿಗಲಿಲ್ಲ. ಹಾಗಾಗಿ ಎರಡು ಪೈರಾಕ್ಸಿನ್‌ಗಳ ನಡುವೆ ಕ್ಯಾಲ್ಸಿಯಂ ಹೇಗೆ ಹಂಚಿಹೋಗಿದೆ ಎಂದು ಅಳೆದರೆ ಆ ಕಲ್ಲು ಇದ್ದ ಜಾಗದ ಡಿಗ್ರಿ ಸಿಗುತ್ತದೆ. ಗಾರ್ನೆಟ್ ಪಕ್ಕದ ಪೈರಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಎಷ್ಟಿದೆ ಎಂದು ನೋಡಿದರೆ ಆಳ ಸಿಗುತ್ತದೆ. 110 ಕೋಟಿ ವರ್ಷದ ಹಿಂದಿನ ತಾಪಮಾನವನ್ನು ಇವತ್ತು ಮೇಜಿನ ಮೇಲೆ ಓದಬಹುದು. ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದ್ದರೆ ಹೇಳಿ.

ಇನ್ನು ನೀರು. ಮ್ಯಾಂಟಲಿನಲ್ಲಿ ಕೆರೆ ಬಾವಿಗಳಿಲ್ಲ, ಹನಿಯೂ ಇಲ್ಲ. ಆಲಿವಿನ್ ಹರಳಿನ ಸೂತ್ರ ಬರೆದರೆ ಅದರಲ್ಲಿ ಹೈಡ್ರೋಜನ್ ಇರುವುದೇ ಇಲ್ಲ. ಆದರೂ ಹರಳಿನ ಜೋಡಣೆಯಲ್ಲಿ ಅಲ್ಲಲ್ಲಿ ಖಾಲಿ ಉಳಿದ ಜಾಗಗಳಿಗೆ ಹೈಡ್ರೋಜನ್ ನುಸುಳಿ ಆಮ್ಲಜನಕಕ್ಕೆ ಅಂಟಿಕೊಂಡಿರುತ್ತದೆ. ತೆಳ್ಳಗೆ ಉಜ್ಜಿದ ಹರಳಿನ ಮೂಲಕ ಅವಗೆಂಪು ಬೆಳಕು ಹಾಯಿಸಿದರೆ ಆ ಜೋಡಿ ಒಂದು ನಿರ್ದಿಷ್ಟ ಬಣ್ಣವನ್ನು ಹೀರುತ್ತದೆ. ಹೀರಿದ ಪ್ರಮಾಣದಿಂದ ನೀರಿನ ಲೆಕ್ಕ. ಹತ್ತು ಲಕ್ಷ ಭಾಗದಲ್ಲಿ ಹತ್ತೋ ನೂರೋ ಭಾಗ, ಅಷ್ಟೇ. ಇಷ್ಟು ಕಡಿಮೆ ನೀರಿಗೆ ಬೆಲೆ ಏನು ಅನ್ನಬೇಡಿ. ಅಷ್ಟರಿಂದಲೇ ಕಲ್ಲು ಮೆತ್ತಗಾಗುತ್ತದೆ, ಬೇಗ ಕರಗುತ್ತದೆ, ವಿದ್ಯುತ್ತನ್ನು ಹೆಚ್ಚು ಹಾಯಿಸುತ್ತದೆ. ಆನ್ ಪೆಸ್ಲಿಯೆ ಎಂಬ ವಿಜ್ಞಾನಿ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಕಿಂಬರ್ಲೈಟ್ ತಂದ ಆಲಿವಿನ್‌ಗಳನ್ನು ಅಳೆದು 2010ರಲ್ಲಿ ತೋರಿಸಿದರು: ಆ ಹಳೆಯ ಭೂಖಂಡದ ಅಡಿಗೆ ಇಳಿದ ಕಲ್ಲಿನ ಬೇರಿನ ತುದಿ ಬಹುಪಾಲು ಒಣಗಿದೆ. ಒಣಗಿರುವುದರಿಂದಲೇ ಅದು ಗಟ್ಟಿಯಾಗಿ, ಕೋಟ್ಯಂತರ ವರ್ಷ ಸವೆಯದೆ ಉಳಿದಿದೆ ಎಂಬುದು ಅವರ ವಾದ. 2014ರಲ್ಲಿ ಗ್ರಹಾಂ ಪಿಯರ್ಸನ್ ಮತ್ತು ಸಂಗಡಿಗರು ಬ್ರೆಜಿಲಿನ ವಜ್ರವೊಂದರ ಒಳಗೆ ರಿಂಗ್‌ವುಡೈಟ್ ಎಂಬ ಖನಿಜದ ಚೂರು ಕಂಡರು. ಅದು 410 ಕಿ.ಮೀ. ಗಡಿಗೂ ಕೆಳಗಿನದು, ತೂಕದಲ್ಲಿ ಸುಮಾರು ಶೇಕಡಾ ಒಂದೂವರೆ ನೀರು! ಮೇಲೆ ಒಣಗಿದೆ, ಕೆಳಗೆ ಒಂದು ಕಡೆಯಾದರೂ ತೇವವಿದೆ. ನಮ್ಮ ಕೆಳಗೆ?

ಕಲ್ಲು ಮೇಲೆ ಬಾರದ ಕಡೆ ಕಾವನ್ನೂ ನೀರನ್ನೂ ದೂರದಿಂದಲೇ ಅಂದಾಜು ಮಾಡಬೇಕು. ಇಲ್ಲಿ ನಿಮಗೆ ಹತ್ತನೆಯ ತರಗತಿಯ ಗಣಿತ ನೆನಪಾಗಲಿ, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ. ಒಂದೇ ಸಮೀಕರಣದಿಂದ ಎರಡು ಅಜ್ಞಾತಗಳು ಸಿಗುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದು ಇಲ್ಲಿಗೆ ನೇರ ಅನ್ವಯ. 410 ಕಿ.ಮೀ. ಆಳದಲ್ಲಿ ಒತ್ತಡ ಹೆಚ್ಚಾಗಿ ಆಲಿವಿನ್ ಹರಳು ವ್ಯಾಡ್ಸ್‌ಲೆಯೈಟ್ ಎಂಬ ಬಿಗಿಯಾದ ರೂಪಕ್ಕೆ ತಿರುಗುತ್ತದೆ. ಭೂಕಂಪದ ಅಲೆ ಅಲ್ಲಿ ತಟ್ಟಿ ಬದಲಾಗುವುದರಿಂದ ಆ ಗಡಿ ಎಷ್ಟು ಆಳದಲ್ಲಿದೆ ಎಂದು ಅಳೆಯಬಹುದು. ಅಲ್ಲಿ ಕಾವು 100 ಡಿಗ್ರಿ ಹೆಚ್ಚಿದ್ದರೆ ಆ ಬದಲಾವಣೆಗೆ ಸುಮಾರು 300 ಮೆಗಾಪಾಸ್ಕಲ್ ಹೆಚ್ಚು ಒತ್ತಡ ಬೇಕು. ಆ ಆಳದಲ್ಲಿ ಒಂದೊಂದು ಕಿ.ಮೀ.ಗೂ ಒತ್ತಡ 35 ಮೆಗಾಪಾಸ್ಕಲ್ ಏರುತ್ತದೆ. ಭಾಗಿಸಿ: ಗಡಿ ಎಂಟೊಂಬತ್ತು ಕಿ.ಮೀ. ಕೆಳಗೆ ಹೋಗಬೇಕು. ಆದರೆ ನೀರು ಇದ್ದರೆ ಗಡಿ ಮೇಲಕ್ಕೇರುತ್ತದೆ, ಏಕೆಂದರೆ ವ್ಯಾಡ್ಸ್‌ಲೆಯೈಟ್ ನೀರನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಕಾವೂ ಇದ್ದು ನೀರೂ ಇದ್ದರೆ ಒಂದನ್ನೊಂದು ಹೊಡೆದುಹಾಕಿ ಗಡಿ ಇದ್ದಲ್ಲೇ ಕಾಣಬಹುದು! ಇದು ಮೊದಲ ಸಮೀಕರಣ: ಕಾವು ಕೂಡುತ್ತದೆ, ನೀರು ಕಳೆಯುತ್ತದೆ. ಎರಡನೆಯದು ವಿದ್ಯುತ್ ವಾಹಕತೆ. ಅದರಲ್ಲಿ ಕಾವೂ ಕೂಡುತ್ತದೆ, ನೀರೂ ಕೂಡುತ್ತದೆ. ಚಿಹ್ನೆ ಬೇರೆ ಇರುವುದರಿಂದ ಎರಡನ್ನೂ ಬಿಡಿಸಬಹುದು. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಮಾಡುತ್ತಿರುವ ಕೆಲಸದ ತಿರುಳು ಇದು. ನಿಮ್ಮ ಶಾಲೆಯ ಕರಿಹಲಗೆಯ ಮೇಲೆ ಹಿಡಿಸುತ್ತದೆ.

ಬಿಡಿಸಿದ್ದಾಯಿತೇ? ಇಲ್ಲ. ವಾಹಕತೆಯಲ್ಲಿ ನೀರಿನ ಪಾಲು ಎಷ್ಟು ಎಂಬುದೇ ಜಗಳದಲ್ಲಿದೆ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶುನ್-ಇಚಿರೋ ಕರಾಟೊ ಅವರ ತಂಡ ವ್ಯಾಡ್ಸ್‌ಲೆಯೈಟನ್ನು ಒತ್ತಿ, ಕಾಯಿಸಿ, ವಿದ್ಯುತ್ ಹಾಯಿಸಿ ನೋಡಿ, ಕೆಳಗೆ ನೀರು ಸಾಕಷ್ಟಿದೆ ಎಂದಿತು. ಮೂರೇ ವರ್ಷಕ್ಕೆ, 2008ರಲ್ಲಿ, ಜಪಾನಿನ ಯೊಶಿನೊ ಮತ್ತು ಸಂಗಡಿಗರು ಅದೇ ಖನಿಜದ ಮೇಲೆ ಪ್ರಯೋಗ ಮಾಡಿ, ಒಣಗಿದೆ ಎಂದರು. ಎರಡೂ ಪ್ರಕಟವಾದದ್ದು ನೇಚರ್ ಪತ್ರಿಕೆಯಲ್ಲೇ. ನಮ್ಮ ನೆಲದ ಬಗ್ಗೆ ಇನ್ನೂ ದೊಡ್ಡ ತಕರಾರಿದೆ. ವಜ್ರ ತಂದ ಕಿಂಬರ್ಲೈಟ್ ಹೇಳುವುದು, 110 ಕೋಟಿ ವರ್ಷದ ಹಿಂದೆ ಇಲ್ಲಿನ ಭೂಖಂಡದ ತಣ್ಣನೆಯ ಬೇರು 150 ಕಿ.ಮೀ.ಗಿಂತ ಆಳಕ್ಕಿತ್ತು ಎಂದು. 2007ರಲ್ಲಿ ಎನ್‌ಜಿಆರ್‌ಐನ ಪ್ರಕಾಶ್ ಕುಮಾರ್ ಮತ್ತು ಸಂಗಡಿಗರು, ಜರ್ಮನಿಯ ಪಾಟ್ಸ್‌ಡಾಮಿನವರ ಜೊತೆ, ಭೂಕಂಪದ ಅಲೆಗಳಿಂದ ಅಳೆದು, ಇವತ್ತು ಅದು ಸುಮಾರು 100 ಕಿ.ಮೀ. ಮಾತ್ರ ಎಂದರು. ಬೇರು ತೆಳ್ಳಗಾದ್ದರಿಂದಲೇ ಭಾರತ ಒಂದು ಕಾಲದಲ್ಲಿ ವರ್ಷಕ್ಕೆ 18–20 ಸೆಂ.ಮೀ. ವೇಗದಲ್ಲಿ ಉತ್ತರಕ್ಕೆ ಓಡಿತು ಎಂಬುದು ಅವರ ಅಭಿಪ್ರಾಯ. ಇಲ್ಲ, ಬೇರು ಈಗಲೂ ದಪ್ಪ ಇದೆ ಎಂದು ವಾದಿಸುವವರೂ ಇದ್ದಾರೆ. ವಿಜಯಪುರದ ಕರಿಕಲ್ಲು ಹರಿಸಿದ ಆ ಬೆಂಕಿಯೇ ಬೇರನ್ನು ಕೆಳಗಿನಿಂದ ಕಾಯಿಸಿ ಕರಗಿಸಿತೇ? ಹಾಗಿದ್ದರೆ ಅದರ ಕಾವು ಇನ್ನೂ ಉಳಿದಿದೆಯೇ? ಗುಡೂರು ಕೂತಿರುವುದು ಆ ಲಾವಾ ಹಾಸಿನ ದಕ್ಷಿಣ ಅಂಚಿಗೆ, ಹಳೆಗಲ್ಲಿನ ಮೇಲೆ. ಈ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ.

ನಮ್ಮ ರಾಜ್ಯದವರು ಸುಮ್ಮನೆ ಕೂತಿಲ್ಲ. ಗೌರಿಬಿದನೂರಿನಲ್ಲಿ 1965ರಿಂದ ಕಂಪನಮಾಪಕಗಳ ಒಂದು ಸಾಲು ದೂರದೇಶಗಳ ಭೂಕಂಪ, ಅಣುಸ್ಫೋಟಗಳನ್ನು ಆಲಿಸುತ್ತ ಬಂದಿದೆ. ಆ ಜಾಗ ಆರಿಸಿದ್ದಕ್ಕೆ ಒಂದು ಕಾರಣ ಇದೇ ಗಟ್ಟಿ, ಸದ್ದಿಲ್ಲದ ಗ್ರಾನೈಟ್ ನೆಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಭೂಮಿಯ ಗುರುತ್ವ ಕಡಿಮೆಯಾಗಿ ಸಮುದ್ರದ ಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದ ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಕೋಟ್ಯಂತರ ವರ್ಷಗಳ ಮ್ಯಾಂಟಲ್ ಚಲನೆಯನ್ನು ಕಂಪ್ಯೂಟರಿನಲ್ಲಿ ಮರಳಿ ನಡೆಸಿ, ಆಫ್ರಿಕದ ಅಡಿಯಿಂದ ಬಂದ ಬಿಸಿ, ಹಗುರ ಮ್ಯಾಂಟಲ್ ಅದಕ್ಕೆ ಕಾರಣ ಎಂದು 2023ರಲ್ಲಿ ಹೇಳಿದರು. ಬೆಂಗಳೂರಿನ ಮೇಜಿನ ಮುಂದೆ ಕೂತು ಸಮುದ್ರದಡಿಯ ಕಾವು ಅಳೆಯಲು ಸಾಧ್ಯವಾದರೆ, ಹುನಗುಂದದ ಹುಡುಗಿಗೆ ತನ್ನ ಹೊಲದಡಿಯ ಕಾವು ಅಳೆಯಲು ಯಾಕೆ ಸಾಧ್ಯವಿಲ್ಲ?

ವಿದ್ಯುತ್ ವಾಹಕತೆ ಅಳೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ನಿಮಗೆ ಗುರುತು ಸಿಗುತ್ತದೆ. ಮ್ಯಾಗ್ನೆಟೊಟೆಲ್ಯೂರಿಕ್ ಎಂದು ಅದರ ಹೆಸರು. ಹೊಲದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಗುಂಡಿ ತೋಡಿ, ಉಪ್ಪುನೀರಿನ ಕೆಸರು ಕಲಸಿ, ಅದರಲ್ಲಿ ಸೀಸದ ಗಡಿಗೆಯಂಥ ಎಲೆಕ್ಟ್ರೋಡ್ ಕೂರಿಸುತ್ತಾರೆ. ಆಯಸ್ಕಾಂತ ಕ್ಷೇತ್ರ ಅಳೆಯುವ ಸುರುಳಿಗಳನ್ನು ಮಣ್ಣಿನಲ್ಲಿ ಹೂಳುತ್ತಾರೆ. ಬೇರೆ ಯಾವ ಕರೆಂಟೂ ಬೇಡ. ಸೂರ್ಯನಿಂದ ಬರುವ ಕಣಗಳ ಗಾಳಿ, ಜಗತ್ತಿನ ಯಾವುದೋ ಮೂಲೆಯ ಮಿಂಚು, ಇವೇ ನೆಲದೊಳಗೆ ಸಣ್ಣ ವಿದ್ಯುತ್ತನ್ನು ಹರಿಸುತ್ತಿರುತ್ತವೆ. ಬೇಗ ಬೇಗ ಏರಿಳಿಯುವ ಅಲೆ ಮೇಲೇ ಅಡಗುತ್ತದೆ. ನಿಮಿಷಗಟ್ಟಲೆ, ಗಂಟೆಗಟ್ಟಲೆ ತೂಗುವ ಅಲೆ ನೂರಾರು ಕಿ.ಮೀ. ಇಳಿಯುತ್ತದೆ. ಹಾಗಾಗಿ ಯಂತ್ರವನ್ನು ವಾರಗಟ್ಟಲೆ ಬಿಡಬೇಕು. ಅದಕ್ಕೆ ದೊಡ್ಡ ಕಾಟ ಪಂಪ್‌ಸೆಟ್ಟಿನದು. ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಸುತ್ತಲ ಮೋಟರುಗಳೆಲ್ಲ ಶುರುವಾದರೆ ದಾಖಲೆ ಕೆಡುತ್ತದೆ. ಯಾವ ಹೊಲದಲ್ಲಿ ಮೋಟರಿಲ್ಲ, ಯಾವ ಲೈನಿಗೆ ಯಾವಾಗ ಕರೆಂಟ್ ಬರುತ್ತದೆ, ಯಾರನ್ನು ಕೇಳಿದರೆ ಒಂದು ರಾತ್ರಿ ಪಂಪು ಬಂದ್ ಮಾಡುತ್ತಾರೆ ಎಂಬುದು ಊರಿನವರಿಗೆ ಮಾತ್ರ ಗೊತ್ತು. ಈ ಜ್ಞಾನವನ್ನು ಸಣ್ಣದೆಂದು ತಿಳಿಯಬೇಡಿ. ಒಳ್ಳೆಯ ಅಳತೆಯ ಅರ್ಧ ಪಾಲು ಅದರಲ್ಲೇ ಇದೆ.

‘ಇದರಿಂದ ಏನ ಸಿಗತೈತಿ?’ ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳುವುದು ನ್ಯಾಯವೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇಲ್ಲಿಂದ ಉತ್ತರಕ್ಕೆ ಇನ್ನೂರು ಕಿ.ಮೀ. ಚಿಲ್ಲರೆ ದೂರದ ಕಿಲ್ಲಾರಿ ಎಂಬ ಊರು ಭೂಕಂಪಕ್ಕೆ ನೆಲಸಮವಾಯಿತು. ಸಾವಿರಾರು ಜನ ನಿದ್ದೆಯಲ್ಲೇ ಸತ್ತರು. ನಮ್ಮದು ಅಲುಗದ ನೆಲ ಎಂಬ ನಂಬಿಕೆಯೂ ಆ ಬೆಳಗ್ಗೆ ಬಿತ್ತು. ಹಳೆಯ ನೆಲ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗಾಗಿದೆ ಎಂದು ತಿಳಿಯುವ ದಾರಿಯಲ್ಲಿ ಕಾವು ಮತ್ತು ನೀರಿನ ಈ ಲೆಕ್ಕವೂ ಒಂದು ಮೆಟ್ಟಿಲು. ಉದ್ಯೋಗದ ಮಾತಿಗೆ ಬಂದರೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಯುಪಿಎಸ್‌ಸಿಯೇ ಪರೀಕ್ಷೆ ನಡೆಸಿ ಭೂವಿಜ್ಞಾನಿ, ಭೂಭೌತ ವಿಜ್ಞಾನಿಗಳನ್ನು ಆರಿಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುತ್ತಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಗಟ್ಟಿಯಾಗಿ ಓದಿ, ಮೂರು ವರ್ಷ ಪದವಿ ಮಾಡಿ, ಜ್ಯಾಮ್ ಪರೀಕ್ಷೆ ಬರೆದರೆ ಐಐಟಿಯ ಭೂಭೌತಶಾಸ್ತ್ರದ ಬಾಗಿಲು ತೆರೆಯುತ್ತದೆ. ವೈದ್ಯಕೀಯಕ್ಕೋ ಎಂಜಿನಿಯರಿಂಗಿಗೋ ಸೀಟು ಸಿಗಲಿಲ್ಲ ಎಂದು ಇದಕ್ಕೆ ಬರಬೇಡಿ. ಮೊದಲ ಆಯ್ಕೆಯಾಗಿ ಬನ್ನಿ. ನಿಮ್ಮ ಸೀಮೆಗೆ ತನ್ನದೇ ಭೂವಿಜ್ಞಾನಿಗಳು ಬೇಕು. ಗ್ರಾನೈಟ್ ಖಣಿಯಲ್ಲಿ ದುಡಿದವರ ಮಕ್ಕಳು ಆ ಗ್ರಾನೈಟ್ ಹುಟ್ಟಿದ ಆಳವನ್ನು ಓದುವಂತಾಗಬೇಕು.

ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಊರಿಗೆ ಬೋರ್ ಗಾಡಿ ಬಂದಾಗ ಎಲ್ಲರೂ ಕೇಳುವುದು ‘ಎಷ್ಟ್ ಫೂಟಿಗೆ ನೀರ್ ಬಿತ್ರಿ?’ ಎಂದು ಮಾತ್ರ. ನೀವು ಪುಸ್ತಕ ಹಿಡಿದು ನಿಲ್ಲಿ. ಎಷ್ಟು ಅಡಿಗೆ ಯಾವ ಬಣ್ಣದ ಪುಡಿ ಬಂತು, ಕೆಂಪು ಹೋಗಿ ಕಪ್ಪು ಎಲ್ಲಿ ಬಂತು, ಬರೆದುಕೊಳ್ಳಿ; ಒಂದೊಂದು ಹಿಡಿ ಪುಡಿ ಚೀಲಕ್ಕೆ ಹಾಕಿ ಅಡಿ ಬರೆದಿಡಿ. ಆಮೇಲೆ, ಮಾಲೀಕರ ಅನುಮತಿ ಪಡೆದು, ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು, ಪಂಪು ಇಳಿಸದೆ ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟ, ನೀರು ನಿಂತ ಬೋರೊಂದನ್ನು ಹುಡುಕಿ. ನೀರು ಕದಡಿದ್ದರೆ ಅಳತೆ ಸುಳ್ಳಾಗುತ್ತದೆ, ಒಣ ಬೋರಿನ ಗಾಳಿಯೂ ಸರಿಬರುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 10 ಕಿಲೋ ಓಮಿನ ಥರ್ಮಿಸ್ಟರ್ ಸಾಕು. ಕಾವು ಒಂದು ಡಿಗ್ರಿ ಏರಿದರೆ ಅದರ ರೋಧ ಸುಮಾರು 400 ಓಮ್ ಇಳಿಯುತ್ತದೆ, ಸಾದಾ ಮಲ್ಟಿಮೀಟರ್ ಅದನ್ನು ಹಿಡಿಯುತ್ತದೆ. ನೀರು ಹೋಗದಂತೆ ಅಂಟು ಹಾಕಿ ಮುಚ್ಚಿ, ಶಾಲೆಯ ಲ್ಯಾಬಿನ ತಾಪಮಾಪಕದ ಜೊತೆ ಒಂದೇ ಪಾತ್ರೆಯ ನೀರಿನಲ್ಲಿಟ್ಟು ಮೊದಲು ತಾಳೆ ನೋಡಿ. ತಂತಿಗೆ ಹತ್ತತ್ತು ಮೀಟರಿಗೆ ಗುರುತು ಕಟ್ಟಿ, ಭಾರ ಕಟ್ಟಿ, ಮೇಲಿನಿಂದ ಕೆಳಕ್ಕೇ ಇಳಿಸುತ್ತ ಹೋಗಿ. ಎಳೆಯುತ್ತ ಅಳೆದರೆ ನೀರು ಕಲಕುತ್ತದೆ. ಪ್ರತಿ ಗುರುತಿನಲ್ಲೂ ಅಂಕಿ ನಿಲ್ಲುವವರೆಗೆ ಕಾಯಿರಿ. ಮೇಲಿನ ಇಪ್ಪತ್ತು ಮೀಟರ್ ಬಿಡಿ, ಅಲ್ಲಿ ಬೇಸಿಗೆ–ಚಳಿಗಾಲದ ಏರಿಳಿತ ಇರುತ್ತದೆ. 30 ಮೀಟರಿನಿಂದ 180 ಮೀಟರಿಗೆ ಹೋಗುವಷ್ಟರಲ್ಲಿ ಎರಡು ಡಿಗ್ರಿಗೆ ಹತ್ತಿರ ಏರಿಕೆ ಕಾಣಬೇಕು. ಕಾಣದಿದ್ದರೆ ಯಾಕೆ ಎಂದು ಯೋಚಿಸಿ: ನೆಲದಡಿ ನೀರು ಹರಿಯುತ್ತಿದೆಯೇ, ಕಲ್ಲು ಬೇರೆಯೇ, ನಿಮ್ಮ ಗುರುತು ಜಾರಿತೇ? ಮುಗಿದ ಮೇಲೆ ಬೋರಿನ ಬಾಯನ್ನು ಕಬ್ಬಿಣದ ಮುಚ್ಚಳ ಹಾಕಿ ಬಿಗಿಯಾಗಿ ಮುಚ್ಚಿ, ಮಕ್ಕಳು ಆಡುವ ಜಾಗ ಅದು. ಆಳ, ಡಿಗ್ರಿ, ತಾರೀಖು, ಕಲ್ಲಿನ ಬಣ್ಣ ನಾಲ್ಕನ್ನೂ ಕನ್ನಡದಲ್ಲೇ ಬರೆದು, ನಕಾಶೆಯ ಮೇಲೆ ಬೋರಿನ ಜಾಗ ಗುರುತಿಸಿ, ಮುಂದಿನ ಊರಿನ ಶಾಲೆಗೂ ಹಾಗೇ ಮಾಡಲು ಹೇಳಿ. ಗುಡೂರು, ಐಹೊಳೆ, ಅಮೀನಗಡ, ಇಳಕಲ್ ಸೇರಿ ಇಂಥ ಇಪ್ಪತ್ತು ಬೋರುಗಳ ಅಂಕಿ ಕೂಡಿದರೆ, ಅದನ್ನು ಹಿಡಿದುಕೊಂಡು ಧಾರವಾಡಕ್ಕೋ ಹೈದರಾಬಾದಿಗೋ ಹೋಗಿ ಭೂವಿಜ್ಞಾನಿಗಳ ಮುಂದಿಟ್ಟು ಪ್ರಶ್ನೆ ಕೇಳಬಹುದು.